ಹಳದಿ ಚುಕ್ಕೆ

ಮಾರ್ಚ್ 3, ಭಾನುವಾರ

ಈ ದಿನಚರಿ ಪುಸ್ತಕ ಅಕ್ಕ ಕೊಟ್ಟದ್ದು. ಎರಡು ತಿಂಗಳು ಖಾಲಿ ಬಿಟ್ಟಿದ್ದೆ. “ಲ್ಯಾಬಲ್ಲಿ ಕೂತು ದಿನವೆಲ್ಲ ಬೇರೆಯವರ ಕಫ, ರಕ್ತದ ಬಗ್ಗೆ ಬರೀತೀಯ. ನಿನ್ನ ಬಗ್ಗೆ ನಾಲ್ಕು ಸಾಲು ಬರೆಯೋಕೆ ಏನು ರೋಗ ನಿನಗೆ?” ಎಂದು ಇವತ್ತು ವಾರ್ಡಿನಲ್ಲಿ ಮಲಗಿಕೊಂಡೇ ಬೈದಳು. ಮುರಿದದ್ದು ತೊಡೆಯ ಮೂಳೆ, ಒಳಗೆ ಉದ್ದನೆಯ ಸರಳು ಹಾಕಿದ್ದಾರೆ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಸರಿ, ಬರೆಯುತ್ತೇನೆ ಮಹಾತಾಯಿ.

ಅಕ್ಕ ಮೂವತ್ತೆರಡು ವರ್ಷದಿಂದ ಸಸ್ಯೋದ್ಯಾನದಲ್ಲಿ ಗಿಡಮರಗಳ ಹೆಸರಿನ ಫಲಕ ಬರೆಯುತ್ತಾಳೆ. ಕಪ್ಪು ಬಳಿದ ತಗಡು, ಬಿಳಿ ಬಣ್ಣ, ಬೆರಳುದ್ದದ ಕುಂಚ. ಮೇಲೆ ಜನ ಕರೆಯುವ ಹೆಸರು, ಕೆಳಗೆ ಲ್ಯಾಟಿನ್ ಹೆಸರು. ಬರೆದದ್ದನ್ನು ತಾನೇ ತೂಗುಹಾಕಬೇಕು ಎಂಬ ಹಟ ಬೇರೆ. ಹೋದ ಮಂಗಳವಾರ ಏಣಿ ಜಾರಿತು.

ಅವಳದೊಂದು ಗುಟ್ಟಿದೆ. ಲ್ಯಾಟಿನ್ನಿನಲ್ಲಿ ಚಿನ್ನಕ್ಕೆ ಔರಮ್ ಎನ್ನುತ್ತಾರಂತೆ. ಆ ಬೇರಿನಿಂದ ಹುಟ್ಟಿದ ಹೆಸರು ಯಾವ ಗಿಡಕ್ಕಿದ್ದರೂ, ಔರಿಯಮ್, ಔರಿಯಾ, ಏನೇ ಆಗಲಿ, ಆ ಹೆಸರಿನ ಕೆಳಗೆ ಎಳ್ಳಿನ ಗಾತ್ರದ ಒಂದು ಹಳದಿ ಚುಕ್ಕೆ ಇಡುತ್ತಾಳೆ. ಮೂವತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾನು ಕೇಳಿದ್ದಕ್ಕೆ, “ಹೆಸರಲ್ಲಿ ಚಿನ್ನ ಇಟ್ಕೊಂಡವರಿಗೆ ಮೈಮೇಲೆ ಚೂರಾದ್ರೂ ಬೇಡ್ವೇನೋ?” ಎಂದಿದ್ದಳು. ಪ್ರತಿ ಭಾನುವಾರ ತಿಂಡಿಯ ಹೊತ್ತಿಗೆ ನನಗೊಂದು ಚಿನ್ನದ ಹೆಸರು ಹೇಳುವುದು ಅವಳ ರೂಢಿ. ಇವತ್ತಿನದು ಔರಾಂಟಿಯಮ್, ಕಿತ್ತಳೆ. ಅದು ಹುಟ್ಟಿನಿಂದ ಚಿನ್ನದ ಹೆಸರಲ್ಲವಂತೆ. ಎಲ್ಲಿಂದಲೋ ಬಂದ ನಾರಂಗವನ್ನು ಬಣ್ಣ ನೋಡಿ ಪಂಡಿತರು ಚಿನ್ನದ ಮನೆಗೆ ದತ್ತು ಕೊಟ್ಟರಂತೆ. “ಆದ್ರೂ ಚುಕ್ಕೆ ಇಟ್ಟಿದೀನಿ, ಪಾಪ. ಆದ್ರೆ ಔರೋರಾಗೆ ಇಡಲ್ಲ. ಅದು ಬೆಳಗಿನ ಹೆಸರು. ಚಿನ್ನದಿಂದ ಹುಟ್ಟಿದ್ದಲ್ಲ.” ನ್ಯಾಯಾಧೀಶೆ.

ಅವಳ ತಪ್ಪಿನ ಲೆಕ್ಕವೂ ಹೀಗೇ. ಹೆಸರು ತಪ್ಪಾದ ಫಲಕಗಳನ್ನು ಎಸೆಯುವುದಿಲ್ಲ. ಹಿಂದೆ ಪೆನ್ಸಿಲಿನಲ್ಲಿ “ತಪ್ಪು. ತಿದ್ದಿದ್ದೇನೆ” ಎಂದು ಬರೆದು, ತಾರೀಕು ಹಾಕಿ, ನಮ್ಮ ಮನೆಯ ಅಟ್ಟದಲ್ಲಿ ಇಡುತ್ತಾಳೆ. ಹತ್ತೊಂಬತ್ತು ಇವೆ. ಒಂದು ಮರ ಹನ್ನೊಂದು ತಿಂಗಳು ಇನ್ನೊಂದರ ಹೆಸರು ಹೊತ್ತು ನಿಂತಿತ್ತು ಎಂದು ಇವತ್ತಿಗೂ ಕೊರಗುತ್ತಾಳೆ. ಮರಕ್ಕೆ ಏನಾದರೂ ಆಯಿತೇ ಎಂದರೆ, “ಓದಿದವರಿಗೆ ಆಯ್ತಲ್ಲ” ಎನ್ನುತ್ತಾಳೆ.

ಇನ್ನು ಹತ್ತು ದಿನಕ್ಕೆ ಮನೆಗೆ ಕಳಿಸುತ್ತಾರೆ.

ಮಾರ್ಚ್ 7, ಗುರುವಾರ

ಅಕ್ಕನಿಗೆ ನಿನ್ನೆಯಿಂದ ಜ್ವರ. ಹೊಲಿಗೆ ಹಾಕಿದ ಜಾಗ ಸ್ವಲ್ಪ ಕೆಂಪಗಿದೆ. ರಕ್ತಕ್ಕೆ ಸೋಂಕು ಸೇರಿದೆಯೇ ನೋಡಲು ಎರಡೂ ತೋಳಿನಿಂದ ರಕ್ತ ತೆಗೆದು ಎರಡು ಬಾಟಲಿ ಕಳಿಸಿದರು. ಬಂದದ್ದು ನನ್ನ ಮೇಜಿಗೇ, ನಂಬರ್ 418. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಬಾಟಲಿ ಕೈದಾಟಿವೆಯೋ, ಇವತ್ತು ಮಾತ್ರ ಮುಚ್ಚಳವನ್ನು ಎರಡು ಸಲ ಒರೆಸಿದೆ.

ಒಳ್ಳೆಯದೇ ಆಯಿತು, ನನ್ನ ಕೈಗೇ ಬಂತು. ಲ್ಯಾಬಿನಲ್ಲಿ ನನಗೆ ಹದ್ದಿನ ಕಣ್ಣು ಎಂದು ಹೆಸರು. ಬೇರೆಯವರು ಪರೀಕ್ಷೆ ಮಾಡಿ ಹೇಳುವುದನ್ನು ನಾನು ಅಣುಜೀವಿ ಬೆಳೆಸುವ ಪ್ಲೇಟಿನ ಮುಚ್ಚಳ ತೆಗೆದು ನೋಡಿ ಹೇಳುತ್ತೇನೆ.

ಮಾರ್ಚ್ 8, ಶುಕ್ರವಾರ

ಒಂದು ಬಾಟಲಿ ಕದಡಿದೆ, ಅಂದರೆ ಒಳಗೆ ಏನೋ ಬೆಳೆದಿದೆ. ಇನ್ನೊಂದು ತಿಳಿಯಾಗಿಯೇ ಇದೆ. ಕದಡಿದ್ದರ ಒಂದು ಹನಿಯನ್ನು ಪ್ಲೇಟಿನ ಮೇಲೆ ಎಳೆದು ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಮಾರ್ಚ್ 9, ಶನಿವಾರ

ಏನೂ ಇಲ್ಲ! ಬರೀ ಚರ್ಮದ ಕೊಳೆ!

ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಪ್ಲೇಟಿನ ತುಂಬ ಮಾಸಲು ಬಿಳಿ ಚುಕ್ಕೆಗಳು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಗೊಂಚಲು. ಈ ಗೊಂಚಲಿನ ಮನೆತನದಲ್ಲಿ ಎರಡು ಬಗೆ. ಒಂದು ಎಲ್ಲರ ಚರ್ಮದ ಮೇಲೂ ಇರುವ ಬಡಪಾಯಿ, ಸೂಜಿ ಚುಚ್ಚುವಾಗ ರಕ್ತದ ಜೊತೆ ಬಾಟಲಿಗೆ ಸೇರಿಬಿಡುತ್ತದೆ. ಇನ್ನೊಂದು ಕೊಲ್ಲುವಂಥದ್ದು. ಎರಡು ಬಾಟಲಿಯಲ್ಲಿ ಒಂದರಲ್ಲೇ ಬೆಳೆದರೆ ಬಹಳ ಸಲ ಬಡಪಾಯಿಯೇ. ಬಣ್ಣವೂ ಬಡಪಾಯಿಯದ್ದೇ, ಬಿಳಿ. ಖಚಿತ ಮಾಡಿಕೊಳ್ಳುವುದಕ್ಕೆ ಪ್ಲಾಸ್ಮಾ, ಅಂದರೆ ರಕ್ತದ ತಿಳಿ, ಅದರ ಪರೀಕ್ಷೆ ಇದೆ. ಟ್ಯೂಬಿನಲ್ಲಿ ಕಲಸಿಟ್ಟು ನಾಲ್ಕು ಗಂಟೆ ಕಾಯಬೇಕು, ಹೆಪ್ಪುಗಟ್ಟಿದರೆ ಕೆಟ್ಟದ್ದು. ಫ್ರಿಜ್ಜಿನಲ್ಲಿ ಪ್ಲಾಸ್ಮಾದ ಎರಡು ಟ್ಯೂಬು ಇದ್ದವು. ಆದರೆ ಶನಿವಾರ ಒಂದು ಗಂಟೆಗೆ ಬೀಗ, ಮೇಲೆ ಭಾನುವಾರ, ಸೋಮವಾರ ಎರಡು ದಿನ ರಜೆ, ವಾರ್ಡಿಗೆ ಬಿಡುವುದು ಹನ್ನೆರಡಕ್ಕೆ. ಹನ್ನೆರಡಕ್ಕೆ ಬರಿಗೈಲಿ ಹೋಗಿ ಅಕ್ಕನ ಮುಖ ನೋಡುವುದು ನನ್ನಿಂದಾಗದು. ಕಣ್ಣಿಗೆ ಕಂಡದ್ದಕ್ಕೆ ಕನ್ನಡಿ ಯಾಕೆ ಎಂದುಕೊಂಡು, ವರದಿ ಬರೆದು ಸಹಿ ಮಾಡಿದೆ: ಚರ್ಮದ ಮೇಲಿನ ಸಾಮಾನ್ಯ ಜೀವಿ, ಗಣನೆಗೆ ಬೇಡ. ಕೊಳೆ ಎಂದು ಬರೆದದ್ದಕ್ಕೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಸಹಿಯೂ ಬೇಕಿಲ್ಲ.

ಓಡಿಹೋಗಿ ಹೇಳಿದೆ. ಅಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು. “ಮೈ ತೊಳ್ಕೊಂಡಿಲ್ಲ ಅಂತ ಬರೆದಿದೀಯ ಅನ್ನು” ಎಂದು ನಕ್ಕಳು. ಡಾಕ್ಟರು ಚೀಟಿ ನೋಡಿ, ಜ್ವರ ಬಂದಾಗ ಶುರು ಮಾಡಿದ್ದ ಜೋರಿನ ಇಂಜೆಕ್ಷನ್ ನಿಲ್ಲಿಸಿದರು. ಅದರಿಂದ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಇವತ್ತು ಬ್ರೆಡ್ಡು ತಿಂದಳು.

ಮಾರ್ಚ್ 10, ಭಾನುವಾರ

ವಾರ್ಡಿನಲ್ಲೇ ಭಾನುವಾರದ ಹೆಸರು: ಓರಿಯೋಲ್, ಹಳದಿ ಹಕ್ಕಿ. ಅದರ ಹೆಸರಿನಲ್ಲೂ ಅದೇ ಔರಮ್, ಬಾಯಿಂದ ಬಾಯಿಗೆ ಬಂದು ಸವೆದುಹೋಗಿದೆ. “ಹಳೇ ಬಳೆ ಸವೆಯುತ್ತಲ್ಲ, ಹಾಗೆ. ಆದ್ರೂ ಚಿನ್ನ ಚಿನ್ನಾನೇ” ಎಂದಳು. ಜ್ವರ ಸ್ವಲ್ಪ ಇದೆ. ದಿಂಬಿಗೆ ಒರಗಿ ಕೂತು ಪಕ್ಕದ ಹಾಸಿಗೆಯಾಕೆಯ ಮಾತ್ರೆ ಡಬ್ಬಿಯ ಮೇಲಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿದಳು. ಎದುರಿಗೆ ಅಕ್ಷರವಿದ್ದರೆ ಓದದೆ ಬಿಡುವವಳಲ್ಲ. ಜಡೆಗಂಟಿನಲ್ಲಿ ಪೆನ್ಸಿಲು ಎಂದಿನಂತೆ.

ತುಂಬ ದಿನದ ಮೇಲೆ ಹಗುರವಾಗಿ ಮನೆಗೆ ಬಂದೆ.

ಮಾರ್ಚ್ 12, ಮಂಗಳವಾರ

ಶನಿವಾರ ಅವಸರದಲ್ಲಿ 418ರ ಪ್ಲೇಟನ್ನು ಕಸದ ಡಬ್ಬಿಗೆ ಹಾಕದೆ ಮೇಜಿನ ಮೇಲೇ ಬಿಟ್ಟು ಹೋಗಿದ್ದೆ.

ಬೆಳಿಗ್ಗೆ ನೋಡಿದರೆ ಅದು ಹಳದಿಯಾಗಿದೆ. ಮಾಸಲು ಅಲ್ಲ, ಕೆನೆಯಲ್ಲ. ಚಿನ್ನ. ಕಿಟಕಿಯ ಬೆಳಕಿಗೆ ಹಿಡಿದೆ, ಒಂದೊಂದು ಚುಕ್ಕೆಯೂ ಮಿನುಗಿತು. ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಟ್ಟದ್ದು: ಕೊಲ್ಲುವ ಬಗೆಯದು ಪೆಟ್ಟಿಗೆಯ ಕಾವಿನಲ್ಲಿ ಮೊದಲ ದಿನ ಬಿಳಿಚಿಕೊಂಡಿರಬಹುದು, ಹೊರಗಿನ ತಂಪಿನಲ್ಲಿ ಇಟ್ಟರೆ ಬಣ್ಣ ಕಟ್ಟುತ್ತದೆ, ಬಣ್ಣ ನಂಬಬೇಡಿ, ಪ್ಲಾಸ್ಮಾ ಹಾಕಿ. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನೂ ಸೇರಿಸಿ ಹೇಳುತ್ತಿದ್ದೆ.

ಪ್ಲಾಸ್ಮಾ ಹಾಕಿದೆ. ಒಂದೂವರೆ ಗಂಟೆಗೇ ಹೆಪ್ಪುಗಟ್ಟಿತು. ಟ್ಯೂಬು ಬೋರಲು ಹಾಕಿದರೂ ಬೀಳಲಿಲ್ಲ.

ಸ್ಟ್ಯಾಫಿಲೋಕಾಕಸ್ ಔರಿಯಸ್. ಔರಿಯಸ್ ಎಂದರೆ ಚಿನ್ನದ್ದು.

ಮೂರು ದಿನ. ಇಂಜೆಕ್ಷನ್ ನಿಲ್ಲಿಸಿ ಮೂರು ದಿನ ಅದನ್ನು ಅವಳ ರಕ್ತದಲ್ಲಿ ಬಿಟ್ಟಿದ್ದೇವೆ. ತಿದ್ದಿದ ವರದಿ ಬರೆದು ಮೇಡಂ ಬಳಿ ಒಯ್ದೆ. ಅವರು ಕನ್ನಡಕ ತೆಗೆದು ಕೇಳಿದರು, “ಶನಿವಾರ ಪ್ಲಾಸ್ಮಾ ಹಾಕಿರ್ಲಿಲ್ವಾ?”

“ಮುಗಿದಿತ್ತು ಮೇಡಂ. ಇವತ್ತು ಬ್ಲಡ್ ಬ್ಯಾಂಕಿಂದ ತಂದೆ.”

“ಛೆ” ಎಂದು ಸಹಿ ಹಾಕಿದರು. ಚೀಟಿ ವಾರ್ಡಿಗೆ ಹೋಯಿತು. ಮಧ್ಯಾಹ್ನ ಮತ್ತೆ ಜೋರಿನ ಔಷಧ ಶುರು ಮಾಡಿದರು. ಸಂಜೆ ಅಕ್ಕನಿಗೆ ನೂರಮೂರು ಜ್ವರ, ಹಾಸಿಗೆ ಅಲುಗುವಷ್ಟು ನಡುಕ.

ಮಾರ್ಚ್ 13, ಬುಧವಾರ

ಪ್ಲಾಸ್ಮಾ ಇದ್ದಿದ್ದರೆ ಹಾಕುತ್ತಿದ್ದೆ. ಯಾರಾದರೂ ಹಾಕುತ್ತಿದ್ದರು.

ಮಾರ್ಚ್ 15, ಶುಕ್ರವಾರ

ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡಲು ಪ್ಲೇಟಿನ ಮೇಲೆ ಹನ್ನೆರಡು ಔಷಧದ ಬಿಲ್ಲೆ ಇಟ್ಟಿದ್ದೆ. ಒಂಬತ್ತರ ಅಂಚಿಗೇ ಬಂದು ಬೆಳೆದಿದೆ, ಅವಕ್ಕೆ ಬಗ್ಗುವುದಿಲ್ಲ. ಮೂರು ಉಳಿದಿವೆ. ಡಾಕ್ಟರು ಮೂರನ್ನೂ ಬೆರಳಲ್ಲಿ ಎಣಿಸಿದರು.

ಅಕ್ಕ ಕೇಳಿದಳು, “ಮೊನ್ನೆ ಕೊಳೆ ಅಂದಿದ್ದೆ. ಈಗ ಮತ್ತೆ ಚುಚ್ತಿದಾರೆ. ಏನೋ ಅದರ ಹೆಸರು?”

“ಇನ್ನೂ ಗೊತ್ತಾಗಿಲ್ಲ ಅಕ್ಕ. ನೋಡ್ತಿದೀವಿ.”

“ನಿನಗೆ ಗೊತ್ತಾಗದ ಹೆಸರೂ ಇದೆಯಾ?” ಎಂದು ನನ್ನನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಹೊದಿಕೆ ಸರಿಮಾಡಿದೆ. ಹೆಸರು ಹೇಳಿದರೆ ಅವಳಿಗೆ ಒಂದೇ ಕ್ಷಣ ಸಾಕು. ಬೇರೆ ರೋಗಿಗಳಿಗೆ ಅದು ಬಾಯಿಗೆ ತಿರುಗದ ಶಬ್ದ. ಇವಳಿಗೆ ಮನೆಮಾತು.

ಉದ್ಯಾನದ ಮೇಸ್ತ್ರಿ ಬಂದಿದ್ದ. ಹೊಸಬನೊಬ್ಬ ಬರೆದ ಫಲಕದಲ್ಲಿ ಅಕ್ಷರಗಳು ಸಂತೆಗೆ ಹೊರಟವರ ಹಾಗೆ ಸಾಲು ಬಿಟ್ಟು ನಡೆದಿವೆ ಎಂದು ಹೇಳಿ ಅವಳನ್ನು ನಗಿಸಿದ. “ಕೈ ಸುಮ್ನೆ ಇರಲ್ಲ ಅಂದ್ರಲ್ಲ ಅಕ್ಕೋರೆ, ತಂದಿದೀನಿ” ಎಂದು ಕುಂಚ ಮತ್ತು ಎರಡು ಸಣ್ಣ ಬಣ್ಣದ ಡಬ್ಬಿ ಕೊಟ್ಟ. ಅಕ್ಕ ದಿಂಬಿನ ಕೆಳಗೆ ಇಟ್ಟುಕೊಂಡಳು.

ಮಾರ್ಚ್ 18, ಸೋಮವಾರ

ವಾರ್ಡಿನಿಂದ ಮೂರು ಸಲ ಫೋನು. ವರದಿ ಇನ್ನೂ ಬಂದಿಲ್ಲವಂತೆ. ಬರುತ್ತದೆ. ಈಗ ಪ್ರತಿ ಪ್ಲೇಟಿಗೂ ಪ್ಲಾಸ್ಮಾ ಎರಡು ಸಲ ಹಾಕುತ್ತಿದ್ದೇನೆ, ಎರಡೂ ಒಂದೇ ಹೇಳಿದರೆ ಮೂರನೆಯದು. ಹುಷಾರಾಗಿರುವುದು ತಪ್ಪೇ? ಇವರಿಗೆಲ್ಲ ಅವಸರ. ಆ ಶನಿವಾರವೂ ಬೇಗ ಮುಗಿಸಿ ಎಂದು ಮೇಡಂ ಅವಸರ ಮಾಡಿದ್ದಕ್ಕೇ ಹಾಗಾದದ್ದು.

ಒಂದು ಮಗುವಿನ ವರದಿ ನಿನ್ನೆ ಕೊಡಬೇಕಿತ್ತು ಎಂದು ಮಕ್ಕಳ ಡಾಕ್ಟರು ಬಾಗಿಲಲ್ಲಿ ನಿಂತು ಕೂಗಾಡಿದರು. ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದೀಯ ಎಂದು ಪಕ್ಕದ ಮೇಜಿನಾಕೆ ಹೇಳಿ, ಆ ಚೀಟಿಗೆ ತಾನೇ ಸಹಿ ಹಾಕಿ ಕಳಿಸಿದಳು. ನನಗೆ ಸಹಿ ಹಾಕಲು ಪೆನ್ನು ಸಿಗಲಿಲ್ಲ.

418ಕ್ಕೆ ಜ್ವರ ನೂರೆರಡು.

ಮಾರ್ಚ್ 20, ಬುಧವಾರ

ಹೃದಯದ ಕವಾಟಕ್ಕೆ ಹತ್ತಿದೆ. ಪರದೆಯ ಮೇಲೆ ತೋರಿಸಿದರು, ಕವಾಟದ ಅಂಚಿಗೆ ಜೋತುಬಿದ್ದ ಒಂದು ಸಣ್ಣ ಗಂಟು, ಪ್ರತಿ ಬಡಿತಕ್ಕೂ ಒದೆದಾಡುತ್ತದೆ. ಆಪರೇಷನ್ ಮಾಡಿದರೆ ಮೇಜಿನ ಮೇಲೇ ಹೋಗಬಹುದು, ಮಾಡದಿದ್ದರೆ ಹಾಸಿಗೆಯ ಮೇಲೆ.

“ಮೊದಲೇ ಗೊತ್ತಾಗಿದ್ರೆ?” ಎಂದೆ.

“ಎರಡು ಮೂರು ದಿನ ಮುಂಚೆ ಸಿಕ್ಕಿದ್ರೆ ಒಂದು ದಾರಿ ಇತ್ತೇನೋ” ಎಂದರು ಡಾಕ್ಟರು. ಸಮಾಧಾನದ ದನಿಯಲ್ಲೇ ಹೇಳಿದರು.

ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಅಮ್ಮ ಹೋದಳು. ಅಂದಿನಿಂದ ನನ್ನ ಜ್ವರಕ್ಕೆಲ್ಲ ಹಣೆಯ ಮೇಲಿದ್ದ ಕೈ ಇದು. ಅದನ್ನು ಹಿಡಿದು ಕೂತೆ. ಕಾದ ತಗಡಿನಂತಿತ್ತು. ಉಗುರಿನ ಅಂಚಿನಲ್ಲಿ ಹಳದಿ ಬಣ್ಣ ಒಣಗಿತ್ತು. ಏನು ಬರೆದೆ ಅಕ್ಕ ಎಂದು ನಾನು ಕೇಳಲಿಲ್ಲ.

ಮಾರ್ಚ್ 22, ಶುಕ್ರವಾರ

ಮೇಡಂ ನನ್ನನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿದ್ದಾರೆ. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಎಂದರು. ಒಳ್ಳೆಯವರು.

ಮಾರ್ಚ್ 24, ಭಾನುವಾರ

ಅಕ್ಕನಿಗೆ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕು. ಆದರೂ ನೆನಪಿಟ್ಟುಕೊಂಡಿದ್ದಳು.

“ಇವತ್ತು ಭಾನುವಾರ. ನೀನು ಹೇಳೋ. ಚಿನ್ನದ ಹೆಸರು ಒಂದು.”

ನಾನು ಯೋಚಿಸಿ, ಗಾಜಿನ ತೊಟ್ಟಿಯಲ್ಲಿ ಸಾಕುವ ಬಂಗಾರದ ಮೀನು, ಅದಕ್ಕೆ ಔರೇಟಸ್ ಎನ್ನುತ್ತಾರೆ ಎಂದೆ.

“ಅದು ನಾನೇ ನಿನಗೆ ಹೇಳಿದ್ದು.” ಸ್ವಲ್ಪ ಸುಧಾರಿಸಿಕೊಂಡಳು. “ಇನ್ನೊಂದು ಹೇಳು. ನಿನ್ನ ಕೆಲಸದ್ದು. ನಿಮ್ಮಲ್ಲೂ ಇರುತ್ತಲ್ಲ ಯಾವುದಾದ್ರೂ.”

ಕಿಟಕಿಯ ಕಡೆ ನೋಡಿದೆ. “ಹೊರಗೆ ಮೋಡ ಆಗಿದೆ ಅಕ್ಕ” ಎಂದೆ.

“ಆಗಿರಬೇಕು” ಎಂದು ಕಣ್ಣು ಮುಚ್ಚಿದಳು. ನಿದ್ದೆ ಬಂತು ಎಂದುಕೊಂಡೆ. ಕೈ ಮಾತ್ರ ನನ್ನ ಬೆರಳನ್ನು ಬಿಡಲಿಲ್ಲ.

ಮಾರ್ಚ್ 26, ಮಂಗಳವಾರ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಹೋದಳು.

ಮಾರ್ಚ್ 30, ಶನಿವಾರ

ಇವತ್ತು ವಾರ್ಡ್ ಸಿಸ್ಟರ್ ಕರೆದು ಅಕ್ಕನ ಸಾಮಾನಿನ ಚೀಲ ಕೊಟ್ಟರು. ಬಾಚಣಿಗೆ, ಕನ್ನಡಕ, ಪೆನ್ಸಿಲು, ಕುಂಚ, ಬಣ್ಣದ ಡಬ್ಬಿಗಳು, ಒಂದು ರಟ್ಟಿನ ಕಡತ. “ವರದಿಗಳ ಪ್ರತಿ ಇದರಲ್ಲೇ ಇದೆ. ಅವರೇ ಈಸ್ಕೊಂಡಿದ್ರು. ನನ್ನ ತಮ್ಮನ ಅಕ್ಷರ ನೋಡ್ಬೇಕು ಕೊಡಿ ಅಂದ್ರು” ಎಂದರು.

“ಯಾವಾಗ?”

“ಔಷಧ ಬದಲಾಯಿಸಿದ ಮಾರನೇ ದಿನ. ಹದಿಮೂರನೇ ತಾರೀಕಿರಬೇಕು.”

ಮನೆಗೆ ತಂದು ಊಟದ ಮೇಜಿನ ಮೇಲೆ ಬಿಚ್ಚಿದೆ. ಎರಡು ಚೀಟಿಯೂ ಒಂದೇ ಪಿನ್ನಿನಲ್ಲಿವೆ. ಎರಡರಲ್ಲೂ ನನ್ನ ಸಹಿ. ಮೇಲಿನದು ಹನ್ನೆರಡನೇ ತಾರೀಕಿನದು. ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂದು ಬರೆದಿದ್ದೇನೆ. ಔರಿಯಸ್ ಕೆಳಗೆ ಎಳ್ಳಿನ ಗಾತ್ರದ ಒಂದು ಹಳದಿ ಚುಕ್ಕೆ. ಜ್ವರದಲ್ಲಿ, ಮಲಗಿಕೊಂಡು ಇಟ್ಟಿದ್ದರೂ ಅಂಚು ಒಂದಿಷ್ಟೂ ಹರಡಿಲ್ಲ.

ಕೆಳಗಿನದು ಒಂಬತ್ತನೇ ತಾರೀಕಿನದು: ಚರ್ಮದ ಮೇಲಿನ ಸಾಮಾನ್ಯ ಜೀವಿ, ಗಣನೆಗೆ ಬೇಡ. ಅದನ್ನು ತಿರುವಿದೆ. ಹಿಂದೆ ಪೆನ್ಸಿಲಿನಲ್ಲಿ, ಅವಳ ದುಂಡು ಅಕ್ಷರದಲ್ಲಿ:

“ತಪ್ಪು. ತಿದ್ದಿದ್ದಾನೆ. ಮಾರ್ಚ್ 13.”

ಹದಿಮೂರರಿಂದ ಇಪ್ಪತ್ತಾರು. ಹದಿಮೂರು ದಿನ ಅವಳಿಗೆ ಗೊತ್ತಿತ್ತು. ಏನೋ ಅದರ ಹೆಸರು ಎಂದು ಕೇಳಿದಾಗ ಗೊತ್ತಿತ್ತು. ನಿನ್ನ ಕೆಲಸದ್ದು ಒಂದು ಹೇಳು ಎಂದಾಗಲೂ ಗೊತ್ತಿತ್ತು. ಉಸಿರು ಕೂಡಿಸಿಕೊಂಡು ನನಗೆ ಬಾಗಿಲು ತೆರೆದು ಹಿಡಿದಿದ್ದಳು. ನಾನು ಮೋಡ ತೋರಿಸಿದೆ.

ಅಕ್ಕನ ಹಾಗೆ ಪೂರ್ತಿ ಓದೋಣವೆಂದು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಒಂಬತ್ತನೇ ತಾರೀಕಿನ ಪುಟದಲ್ಲಿ ನನ್ನದೇ ಕೈ ಬರೆದಿದೆ, ಫ್ರಿಜ್ಜಿನಲ್ಲಿ ಪ್ಲಾಸ್ಮಾದ ಎರಡು ಟ್ಯೂಬು ಇದ್ದವು. ಇದ್ದವು. ಮೇಡಂ ಅವಸರ ಮಾಡಿರಲೂ ಇಲ್ಲ, ಅವರು ಆ ದಿನ ಬಂದೇ ಇರಲಿಲ್ಲ. ಮುಗಿದಿತ್ತು ಎಂದು ಎಷ್ಟು ಸಲ ಹೇಳಿಕೊಂಡೆನೋ, ಇವತ್ತು ಓದುವ ತನಕ ನಾನೂ ಅದನ್ನೇ ನಂಬಿದ್ದೆ. ನಾಲ್ಕು ಗಂಟೆ ಕಾಯಲಾರದೆ ಅಕ್ಕನನ್ನು ಕೊಂದೆ. ಅಟ್ಟ ಮೇಲೆ ಒಲೆ ಉರಿದು ಏನು ಬಂತು? ಮೇಡಂಗೆ ಈಗ ಹೇಳಬಹುದು. ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ. ಕೇಳಬೇಕೆಂದು ಕಾದವಳು ಒಬ್ಬಳೇ ಇದ್ದಳು.

ಸಂಜೆ ಅಟ್ಟ ಹತ್ತಿ ಹತ್ತೊಂಬತ್ತು ಫಲಕಗಳ ಪಕ್ಕದಲ್ಲಿ ಆ ಚೀಟಿ ಇಟ್ಟೆ. ಇಳಿಯುವ ಮುಂಚೆ ಎಲ್ಲವನ್ನೂ ತಿರುವಿ ನೋಡಿದೆ. ಪ್ರತಿಯೊಂದರ ಹಿಂದೆಯೂ ಅವಳು ಬರೆದದ್ದು ನಿಜ. ತಿದ್ದಿದ್ದೇನೆ ಎಂದರೆ ತಿದ್ದಿದ್ದಾಳೆ. ನಾನು ತಿದ್ದಿದ್ದು ಹೆಸರನ್ನಷ್ಟೇ. ಇಪ್ಪತ್ತನೆಯದರ ಹಿಂದೆ ಮಾತ್ರ, ನನ್ನನ್ನು ನಂಬಿ, ಅಕ್ಕ ಸುಳ್ಳು ಬರೆದಿದ್ದಾಳೆ.